ಆಲ್ಕೋಹಾಲ್ ತೆಗೆದ ವೈನ್: ದ್ರಾಕ್ಷಿ ರಸಕ್ಕಿಂತ ಇದು ಹೇಗೆ ಬೇರೆ? ಆರತಕ್ಷತೆಗೆ ಯಾವುದು, ಎಷ್ಟು ತರಿಸಬೇಕು?

ಔತಣ_ಲೆಕ್ಕ (ಪ್ರಶ್ನೆ)

ಡಿಸೆಂಬರ್ ಕೊನೆಯ ವಾರ ಮಂಗಳೂರಿನಲ್ಲಿ ಆರತಕ್ಷತೆ, ಸುಮಾರು 120 ಜನ. ಕೇಕ್ ಕತ್ತರಿಸಿದ ಮೇಲೆ ಟೋಸ್ಟ್ (ಎಲ್ಲರೂ ಲೋಟ ಎತ್ತಿ ಶುಭ ಹಾರೈಸುವುದು) ಇರುತ್ತದೆ. ಮದ್ಯ ಬೇಡವೆಂದು ಎರಡೂ ಮನೆಯವರು ಒಪ್ಪಿದ್ದಾರೆ, ಹಾಗಾಗಿ ನಾನ್ ಆಲ್ಕೋಹಾಲಿಕ್ ವೈನ್ ತರಿಸುವ ಯೋಚನೆ. ಹುಡುಕಲು ಹೊರಟರೆ ಗೊಂದಲವೇ ಹೆಚ್ಚಾಗುತ್ತಿದೆ. ಕೆಲವು ಬಾಟಲಿಗಳ ಮೇಲೆ ಆಲ್ಕೋಹಾಲ್ 0.0%, ಕೆಲವದರ ಮೇಲೆ 0.5%, ಇನ್ನು ಕೆಲವದರ ಹಿಂದಿನ ಲೇಬಲ್ ಓದಿದರೆ ಬರೀ ದ್ರಾಕ್ಷಿ ರಸ ಮತ್ತು ಸೋಡಾ. ಬೆಲೆ ಮಾತ್ರ ನಿಜವಾದ ವೈನ್‌ಗೆ ಹತ್ತಿರ.

ನನಗೆ ತಿಳಿಯಬೇಕಾದದ್ದು ಇಷ್ಟು. ಆಲ್ಕೋಹಾಲ್ ತೆಗೆಯುವುದು ಹೇಗೆ, ತೆಗೆದ ಮೇಲೆ ಉಳಿಯುವುದು ಏನು? ಕೆಂಪು ವೈನ್ ನೀರುನೀರಾಗಿ, ಹುಳಿಯಾಗಿ ಇರುತ್ತದೆ ಎಂಬ ದೂರು ಬಹಳ ಕಡೆ ಕಾಣುತ್ತದೆ. ಅದಕ್ಕೆ ಕಾರಣವೇನು, ಯಾವ ಬಗೆ ತರಿಸಿದರೆ ವಾಸಿ? ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮನೆಯಲ್ಲೇ ಮಾಡಿದರೆ ಆಗುತ್ತದೆಯೇ? ಅತಿಥಿಗಳಲ್ಲಿ ಸಕ್ಕರೆ ಕಾಯಿಲೆ ಇರುವ ಹಿರಿಯರಿದ್ದಾರೆ, ಒಬ್ಬರು ಗರ್ಭಿಣಿ. ಒಟ್ಟು ಎಷ್ಟು ಬಾಟಲಿ ಬೇಕು ಎಂಬ ಲೆಕ್ಕವನ್ನೂ ಗೊತ್ತಿದ್ದವರು ತಿಳಿಸಿ.

---

ರೈನ್_ದಂಡೆ

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ದ್ರಾಕ್ಷಿ ರಸ ಎಂದರೆ ಹುದುಗದ ರಸ. ಆಲ್ಕೋಹಾಲ್ ತೆಗೆದ ವೈನ್ ಎಂದರೆ ಒಮ್ಮೆ ಪೂರ್ತಿ ಹುದುಗಿ 11–13% ಆಲ್ಕೋಹಾಲ್ ಬಂದಿದ್ದ ನಿಜವಾದ ವೈನ್. ಆಮೇಲೆ ಅದರಿಂದ ಆಲ್ಕೋಹಾಲ್ ಅನ್ನು ಮಾತ್ರ ಹೊರಗೆ ತೆಗೆದಿರುತ್ತಾರೆ. ಈಸ್ಟ್ ಸಕ್ಕರೆಯನ್ನು ತಿನ್ನುವಾಗ ಆಲ್ಕೋಹಾಲ್ ಜೊತೆಗೆ ನೂರಾರು ಬಗೆಯ ಘಮದ ಅಂಶಗಳನ್ನೂ ಹುಟ್ಟಿಸುತ್ತದೆ. ರಸದಲ್ಲಿ ಅವುಗಳಲ್ಲಿ ಹೆಚ್ಚಿನವು ಇರುವುದಿಲ್ಲ. ಮೂಗಿಗೆ ‘ವೈನ್’ ಅನ್ನಿಸುವುದು ಅವುಗಳಿಂದಲೇ.

ತೆಗೆಯುವ ದಾರಿ ಮುಖ್ಯವಾಗಿ ಮೂರು.

ಹಳೆಯದು ನಿರ್ವಾತದಲ್ಲಿ ಆವಿ ಮಾಡುವುದು. ಸಾಮಾನ್ಯ ಒತ್ತಡದಲ್ಲಿ ಆಲ್ಕೋಹಾಲ್ ಕುದಿಯುವುದು 78 ಡಿಗ್ರಿಯಲ್ಲಿ. ಅಷ್ಟು ಬಿಸಿ ತಾಗಿದರೆ ವೈನ್‌ಗೆ ಬೇಯಿಸಿದ ಹಣ್ಣಿನ ವಾಸನೆ ಬರುತ್ತದೆ. ಪಾತ್ರೆಯೊಳಗಿನ ಗಾಳಿಯನ್ನು ಎಳೆದು ಒತ್ತಡ ಇಳಿಸಿದರೆ ಅದೇ ಆಲ್ಕೋಹಾಲ್ 30 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುತ್ತದೆ. ಜರ್ಮನಿಯ ರೈನ್ ನದಿ ತೀರದ ರ‍್ಯೂಡೆಸ್‌ಹೈಮ್‌ನ ಕಾರ್ಲ್ ಯುಂಗ್ ಈ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1908ರಲ್ಲಿ. ಅಂದರೆ ಈಗ ಹೊಸ ಫ್ಯಾಷನ್ ಎಂದು ಕಾಣುವ ವಸ್ತುವಿಗೆ ನೂರು ವರ್ಷಕ್ಕೂ ಮೀರಿದ ವಯಸ್ಸು.

ಎರಡನೆಯದು ತಿರುಗುವ ಶಂಕುಗಳ ಗೋಪುರ, ಸ್ಪಿನ್ನಿಂಗ್ ಕೋನ್ ಕಾಲಂ. ಎತ್ತರದ ಉಕ್ಕಿನ ಕೊಳವೆಯೊಳಗೆ ಒಂದರ ಮೇಲೊಂದು ಶಂಕುಗಳಿರುತ್ತವೆ. ಒಂದು ನಿಂತಿದ್ದರೆ ಮುಂದಿನದು ತಿರುಗುತ್ತದೆ. ವೈನ್ ತೆಳು ಪೊರೆಯಂತೆ ಹರಡಿ ಕೆಳಗಿಳಿಯುತ್ತದೆ, ಆವಿ ಕೆಳಗಿನಿಂದ ಮೇಲೇರುತ್ತದೆ. ವೈನ್ ಅನ್ನು ಎರಡು ಸಲ ಹಾಯಿಸುತ್ತಾರೆ. ಮೊದಲ ಸಲ ಕಡಿಮೆ ಬಿಸಿಯಲ್ಲಿ ಘಮವನ್ನಷ್ಟೇ ಹಿಡಿದು ಬೇರೆ ತೆಗೆದಿಡುತ್ತಾರೆ, ಎರಡನೆಯ ಸಲ ತುಸು ಹೆಚ್ಚು ಬಿಸಿಯಲ್ಲಿ ಆಲ್ಕೋಹಾಲ್ ತೆಗೆಯುತ್ತಾರೆ. ಕೊನೆಗೆ ಎತ್ತಿಟ್ಟ ಘಮವನ್ನು ಮತ್ತೆ ಸೇರಿಸುತ್ತಾರೆ. ಈ ಯಂತ್ರ ದುಬಾರಿ. ಹೆಚ್ಚಿನ ವೈನರಿಗಳು ತಮ್ಮ ವೈನ್ ಅನ್ನು ಟ್ಯಾಂಕರ್‌ನಲ್ಲಿ ಇಂಥ ಯಂತ್ರವಿರುವ ಕಡೆಗೆ ಕಳುಹಿಸಿ, ಮಾಡಿಸಿಕೊಂಡು ತರುತ್ತವೆ.

ಮೂರನೆಯದು ನಮ್ಮ ಮನೆಯ ನೀರಿನ ಫಿಲ್ಟರ್‌ನ ತತ್ತ್ವವೇ, ರಿವರ್ಸ್ ಆಸ್ಮೋಸಿಸ್. ವೈನ್ ಅನ್ನು ಜೋರು ಒತ್ತಡದಲ್ಲಿ ಪೊರೆಗೆ ತಳ್ಳಿದರೆ ನೀರು ಮತ್ತು ಆಲ್ಕೋಹಾಲ್ ದಾಟಿ ಹೋಗುತ್ತವೆ. ಬಣ್ಣ, ಟ್ಯಾನಿನ್ (ಒಗರಿನ ಅಂಶ), ಘಮದ ಬಹುಪಾಲು ಈಚೆಗೇ ಉಳಿಯುತ್ತದೆ. ದಾಟಿ ಹೋದ ದ್ರವವನ್ನು ಭಟ್ಟಿ ಇಳಿಸಿ, ಆಲ್ಕೋಹಾಲ್ ಬೇರ್ಪಡಿಸಿ, ನೀರನ್ನು ವಾಪಸ್ ಸೇರಿಸುತ್ತಾರೆ. 13 ಇದ್ದದ್ದನ್ನು 11ಕ್ಕೆ ಇಳಿಸಲು ಇದು ಚೆನ್ನ. 0.5ರ ಕೆಳಗೆ ತರಬೇಕೆಂದರೆ ಅದೇ ವೈನ್ ಮತ್ತೆ ಮತ್ತೆ ಸುತ್ತಬೇಕು, ಸಮಯವೂ ಕರೆಂಟೂ ಹೆಚ್ಚು.

ಬೆಲೆ ನಿಜವಾದ ವೈನ್‌ಗೆ ಹತ್ತಿರ ಎಂದಿರಿ, ಅದಕ್ಕೂ ಕಾರಣ ಇದೆ. ವೈನ್ ಮಾಡುವ ಖರ್ಚು ಮೊದಲೇ ಆಗಿದೆ. ಅದರ ಮೇಲೆ ಯಂತ್ರದ ಖರ್ಚು. ಆವಿ ವಿಧಾನದಲ್ಲಿ ಆಲ್ಕೋಹಾಲ್ ಹೋಗುವಾಗ ಒಂದಷ್ಟು ನೀರನ್ನೂ ಎಳೆದುಕೊಂಡು ಹೋಗುತ್ತದೆ. 1000 ಲೀಟರ್ ಹಾಕಿದರೆ ಕೈಗೆ ಬರುವುದು 800 ಲೀಟರ್ ಆಸುಪಾಸು.

ನೀವು ಕೇಳಿದ ಹುಳಿಯ ಕಾರಣವೂ ಇಲ್ಲೇ ಇದೆ. ಲೀಟರಿಗೆ 6 ಗ್ರಾಂ ಆಮ್ಲ ಇದ್ದ ವೈನ್ 800ಕ್ಕೆ ಇಳಿದಾಗ ಆಮ್ಲ 7.5 ಗ್ರಾಂ ಆಗುತ್ತದೆ. ಅದೇ ಹೊತ್ತಿಗೆ ಆ ಹುಳಿಯನ್ನು ಮರೆಮಾಡುತ್ತಿದ್ದ ಆಲ್ಕೋಹಾಲ್ ಹೊರಟುಹೋಗಿದೆ. ಆಲ್ಕೋಹಾಲ್ ಅಂದರೆ ಅಮಲು ಮಾತ್ರವಲ್ಲ. ನಾಲಗೆಗೆ ತುಸು ಸಿಹಿ, ಬಾಯಿಗೆ ತುಂಬಿದ ಅನುಭವ, ಗಂಟಲಿಗೆ ಬಿಸುಪು ಎಲ್ಲ ಕೊಡುವುದು ಅದೇ. ಟ್ಯಾನಿನ್‌ನ ಒಗರನ್ನು ನಯ ಮಾಡುವುದೂ ಅದೇ. ಕೆಂಪು ವೈನ್ ನಿಂತಿರುವುದೇ ಒಗರಿನ ಮೇಲೆ. ಆಲ್ಕೋಹಾಲ್ ತೆಗೆದರೆ ಒಗರು ಬರಿಗೈಯಲ್ಲಿ ನಿಲ್ಲುತ್ತದೆ, ನಡುವೆ ಏನೂ ಇಲ್ಲ. ಅದಕ್ಕೇ ತೆಳು ಅನ್ನಿಸುವುದು. ಈ ಖಾಲಿ ಜಾಗವನ್ನು ತುಂಬಲು ತಯಾರಕರು ಲೀಟರಿಗೆ 20ರಿಂದ 50 ಗ್ರಾಂ ಸಕ್ಕರೆ ಬರುವಂತೆ ದ್ರಾಕ್ಷಿ ರಸದ ಪಾಕ ಸೇರಿಸುತ್ತಾರೆ. ಕೆಲವರು ಅಕೇಶಿಯಾ ಅಂಟನ್ನೂ ಹಾಕುತ್ತಾರೆ.

ಆದ್ದರಿಂದ ಟೋಸ್ಟ್‌ಗೆ ನನ್ನ ಸಲಹೆ ಗುಳ್ಳೆ ಬರುವ ಬಿಳಿ, ಅಂದರೆ ಸ್ಪಾರ್ಕ್ಲಿಂಗ್. ಆಲ್ಕೋಹಾಲ್‌ನ ಚುರುಕು ಹೋದ ಜಾಗದಲ್ಲಿ ಗುಳ್ಳೆಯ ಚುರುಕು ಬಂದು ಕೂರುತ್ತದೆ. ತಣ್ಣಗೆ ಕುಡಿಯುವುದರಿಂದ ಸಿಹಿಯೂ ಹಿಡಿತದಲ್ಲಿರುತ್ತದೆ. ಇದರ ಗುಳ್ಳೆಯನ್ನು ಆಲ್ಕೋಹಾಲ್ ತೆಗೆದ ಮೇಲೆ ಅನಿಲವಾಗಿ ತುಂಬುತ್ತಾರೆ. ಶಾಂಪೇನ್‌ನಂತೆ ಬಾಟಲಿಯಲ್ಲಿ ಎರಡನೆಯ ಸಲ ಹುದುಗಿಸಿದರೆ ಆಲ್ಕೋಹಾಲ್ ಮತ್ತೆ ಹುಟ್ಟುತ್ತದಲ್ಲ.

ಗುಳ್ಳೆ ಇಲ್ಲದ್ದು ಬೇಕೆಂದರೆ ರೀಸ್ಲಿಂಗ್, ಮಸ್ಕಟ್, ಗೆವ್ಯುರ್ಟ್ಸ್‌ಟ್ರಾಮಿನರ್‌ನಂಥ ಘಮದ ದ್ರಾಕ್ಷಿಯವನ್ನು ನೋಡಿ. ಅವುಗಳ ಘಮ ಹಣ್ಣಿನಿಂದಲೇ ಬರುವುದರಿಂದ ಯಂತ್ರದಲ್ಲಿ ಸ್ವಲ್ಪ ಕಳೆದುಕೊಂಡರೂ ಗುರುತು ಸಿಗುವಷ್ಟು ಉಳಿಯುತ್ತದೆ. ರೋಸೆಯೂ (ನಸುಗೆಂಪು ವೈನ್) ಪರವಾಗಿಲ್ಲ. ಕೆಂಪನ್ನು ಕೊನೆಗೆ ಇಡಿ.

---

ಲೇಬಲ್_ಓದು

ಶೇಕಡಾವಾರು ಲೆಕ್ಕದ ಬಗ್ಗೆ.

ನಮ್ಮ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) 2018ರ ನಿಯಮಗಳ ಪ್ರಕಾರ ಆಲ್ಕೋಹಾಲ್ ಪಾನೀಯ ಎನ್ನಿಸಿಕೊಳ್ಳುವುದು 0.5%ಗಿಂತ ಹೆಚ್ಚು ಇದ್ದರೆ. ಅಮೆರಿಕದಲ್ಲೂ ನಾನ್ ಆಲ್ಕೋಹಾಲಿಕ್ ಎಂದು ಬರೆದ ಬಾಟಲಿಯಲ್ಲಿ 0.5%ಗಿಂತ ಕಡಿಮೆ ಇರಬೇಕು. ಐರೋಪ್ಯ ಒಕ್ಕೂಟ 2021ರಲ್ಲಿ ವೈನ್ ನಿಯಮ ತಿದ್ದುವಾಗ ಎರಡು ವರ್ಗ ಮಾಡಿತು: 0.5% ಮೀರದ್ದು ‘ಡಿ-ಆಲ್ಕೋಹಾಲೈಸ್ಡ್’, ಅದಕ್ಕಿಂತ ಹೆಚ್ಚು ಉಳಿದದ್ದು ‘ಪಾರ್ಷಿಯಲಿ ಡಿ-ಆಲ್ಕೋಹಾಲೈಸ್ಡ್’. ಈ ಎರಡನೆಯ ಪದ ಕಂಡರೆ ನಿಮ್ಮ ಕಾರ್ಯಕ್ರಮಕ್ಕೆ ಬೇಡ. ಅದರಲ್ಲಿ 5–6% ಆಲ್ಕೋಹಾಲ್ ಇದ್ದರೂ ಇರಬಹುದು.

0.5% ಎಂದರೆ ಎಷ್ಟು? 150 ಮಿ.ಲೀ. ಲೋಟದಲ್ಲಿ 0.75 ಮಿ.ಲೀ. ಆಲ್ಕೋಹಾಲ್. 12.5%ರ ವೈನ್ ಆದರೆ ಅದೇ ಲೋಟದಲ್ಲಿ 18.75 ಮಿ.ಲೀ. ಅಂದರೆ ಒಂದು ಲೋಟ ವೈನ್‌ಗೆ ಸಮವಾಗಬೇಕಾದರೆ ಇದನ್ನು 25 ಲೋಟ ಕುಡಿಯಬೇಕು. ಚೆನ್ನಾಗಿ ಕಳಿತ ಬಾಳೆಹಣ್ಣಿನಲ್ಲೂ ಬ್ರೆಡ್‌ನಲ್ಲೂ ಇಂಥ ಅಲ್ಪ ಅಂಶ ತಾನಾಗಿಯೇ ಇರುತ್ತದೆ.

ಹಿಂದಿನ ಲೇಬಲ್‌ನಲ್ಲಿ ಮೊದಲ ಪದಾರ್ಥ ಏನೆಂದು ನೋಡಿ. ‘ಡಿ-ಆಲ್ಕೋಹಾಲೈಸ್ಡ್ ವೈನ್’ ಎಂದಿದ್ದರೆ ರೈನ್_ದಂಡೆ ಅವರು ಹೇಳಿದ ವಸ್ತು. ‘ಗ್ರೇಪ್ ಜ್ಯೂಸ್’, ‘ಗ್ರೇಪ್ ಜ್ಯೂಸ್ ಕಾನ್ಸಂಟ್ರೇಟ್’, ‘ಕಾರ್ಬೊನೇಟೆಡ್ ವಾಟರ್’ ಮೊದಲಿದ್ದರೆ ಅದು ಗುಳ್ಳೆ ತುಂಬಿದ ರಸ, ಮುಂದಿನ ಚಿತ್ರದಲ್ಲಿ ದ್ರಾಕ್ಷಿತೋಟ ಎಷ್ಟೇ ಚೆಂದ ಇದ್ದರೂ. ಆಮೇಲೆ 100 ಮಿ.ಲೀ.ಗೆ ಸಕ್ಕರೆ ಎಷ್ಟು ಎಂಬ ಸಾಲು ನೋಡಿ. 2ರಿಂದ 5 ಗ್ರಾಂ ಇದ್ದರೆ ಬಹುಮಟ್ಟಿಗೆ ವೈನ್ ಮೂಲದ್ದು, 12–16 ಗ್ರಾಂ ಇದ್ದರೆ ರಸ. ಪದಾರ್ಥಗಳ ಪಟ್ಟಿ ಅಸ್ಪಷ್ಟವಾಗಿದ್ದರೂ ಈ ಸಂಖ್ಯೆ ಒಳ್ಳೆಯ ಸುಳಿವು ಕೊಡುತ್ತದೆ.

ಇನ್ನೊಂದು, ಬೆಸ್ಟ್ ಬಿಫೋರ್ ದಿನಾಂಕ ತಪ್ಪದೆ ನೋಡಿ. ಕಾಪಾಡುವ ಆಲ್ಕೋಹಾಲ್ ಇಲ್ಲದ್ದರಿಂದ ಇದು ಇಟ್ಟಷ್ಟೂ ಮಾಗುವ ವೈನ್ ಅಲ್ಲ, ಇಟ್ಟಷ್ಟೂ ಸಪ್ಪೆಯಾಗುತ್ತದೆ. ಐರೋಪ್ಯ ನಿಯಮ ಇದಕ್ಕೆ ದಿನಾಂಕವನ್ನು ಕಡ್ಡಾಯ ಮಾಡಿರುವುದೂ ಅದಕ್ಕೇ. ಹಡಗಿನಲ್ಲಿ ಬಂದು ಗೋದಾಮಿನಲ್ಲಿ ಕುಳಿತಿದ್ದ ಹಳೆ ಸರಕನ್ನು ರಿಯಾಯಿತಿಗೆ ಕೊಡುತ್ತೇವೆ ಅಂದರೆ ಬೇಡ ಅನ್ನಿ.

---

ಔತಣ_ಲೆಕ್ಕ

ಇಬ್ಬರಿಗೂ ಧನ್ಯವಾದ. 100 ಮಿ.ಲೀ.ಗೆ ಎಷ್ಟು ಸಕ್ಕರೆ ಎಂಬ ಗುರುತು ಬಹಳ ಉಪಯೋಗ ಆಯಿತು. ನೋಡಿಟ್ಟಿದ್ದ ನಾಲ್ಕರಲ್ಲಿ ಎರಡು ಬರೀ ರಸ. ಮನೆಯಲ್ಲಿ ಮಾಡುವ ಬಗ್ಗೆ ಯಾರಾದರೂ ಹೇಳುತ್ತೀರಾ? ‘ಆಲ್ಕೋಹಾಲ್ ಇಲ್ಲದ ಕ್ರಿಸ್‌ಮಸ್ ವೈನ್’ ಎಂದು ದ್ರಾಕ್ಷಿ, ಸಕ್ಕರೆ, ಗೋಧಿ, ಈಸ್ಟ್ ಹಾಕಿ ಭರಣಿಯಲ್ಲಿ 21 ದಿನ ಇಡುವ ವಿಧಾನ ಹಲವು ಕಡೆ ಇದೆ. ಕೊನೆಗೆ ಕುದಿಸಿದರೆ ಆಲ್ಕೋಹಾಲ್ ಹೋಗುತ್ತದೆ ಎಂದೂ ಬರೆದಿದ್ದಾರೆ.

---

ಹುದುಗು_ಗಮನ

ಆ ವಿಧಾನ ಬೇಡ. ಈಸ್ಟ್, ಸಕ್ಕರೆ, 21 ದಿನ ಮೂರೂ ಸೇರಿದ ಮೇಲೆ ಅದರಲ್ಲಿ ಆಲ್ಕೋಹಾಲ್ ಇದ್ದೇ ಇರುತ್ತದೆ. ಯಾವ ಹೆಸರಿಟ್ಟರೂ ಅದು ವೈನೇ.

ಲೆಕ್ಕ ಸರಳ. ಲೀಟರಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ 1% ಆಲ್ಕೋಹಾಲ್. ಬೆಂಗಳೂರು ನೀಲಿಯ ರಸದಲ್ಲಿ ಲೀಟರಿಗೆ 150 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ, ಪೂರ್ತಿ ಹುದುಗಿದರೆ ಅದೇ 9% ಹತ್ತಿರ ಬರುತ್ತದೆ. ಮೇಲೆ ಸಕ್ಕರೆ ಸುರಿದರೆ ಇನ್ನೂ ಹೆಚ್ಚು. ಇದೇ ಲೆಕ್ಕವನ್ನು ತಿರುಗಿಸಿ ನೋಡಿ: 0.5% ದಾಟಲು 8–9 ಗ್ರಾಂ ಸಕ್ಕರೆ ಹುದುಗಿದರೆ ಸಾಕು. ಮಂಗಳೂರಿನ 30 ಡಿಗ್ರಿ ಸೆಕೆಯಲ್ಲಿ ಹಸಿ ರಸವನ್ನು ಹೊರಗಿಟ್ಟರೆ ಈಸ್ಟ್ ಹಾಕದಿದ್ದರೂ ಅಲ್ಲಿಗೆ ಮುಟ್ಟಲು ಬಹಳ ಹೊತ್ತು ಬೇಡ. ದ್ರಾಕ್ಷಿಯ ಸಿಪ್ಪೆಯ ಮೇಲೆ, ಬಟ್ಟೆಯಲ್ಲಿ, ಪಾತ್ರೆಯಲ್ಲಿ ಕಾಡು ಈಸ್ಟ್ ಇದ್ದೇ ಇರುತ್ತದೆ.

ಇನ್ನು ಕುದಿಸುವುದು. ಅಡುಗೆಯಲ್ಲಿ ಸೇರಿಸಿದ ಆಲ್ಕೋಹಾಲ್ ಎಷ್ಟು ಉಳಿಯುತ್ತದೆ ಎಂಬುದಕ್ಕೆ ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕ ಇದೆ. 15 ನಿಮಿಷ ಕುದಿಸಿದರೆ ಹಾಕಿದ್ದರಲ್ಲಿ 40% ಉಳಿಯುತ್ತದೆ, 1 ಗಂಟೆಗೆ 25%, ಎರಡೂವರೆ ಗಂಟೆಯ ನಂತರವೂ 5%. ಅಷ್ಟು ಹೊತ್ತು ಕುದಿಸಿದ ಮೇಲೆ ಪಾತ್ರೆಯಲ್ಲಿ ಇರುವುದು ಹುಳಿ ಪಾಕ. ಜೊತೆಗೆ ಗ್ಯಾಸ್ ಒಲೆಯ ಮೇಲೆ ಏಳುವ ಆಲ್ಕೋಹಾಲ್ ಆವಿ ಬೆಂಕಿ ಹಿಡಿಯಬಲ್ಲದು. ಮನೆಯಲ್ಲಿ ನಿರ್ವಾತದ ಯಂತ್ರದ ಕೆಲಸಕ್ಕೆ ಬದಲಿ ಇಲ್ಲ.

ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ ಎನ್ನುವುದೂ ನೆನಪಿರಲಿ. 120 ಜನರ ಸಮಾರಂಭಕ್ಕೆ ಆ ತೊಡಕು ತಂದುಕೊಳ್ಳಬಾರದು.

---

ಅಡುಗೆ_ಅಳತೆ

ಹುದುಗಿಸದೆಯೇ ವೈನ್‌ನ ಜಾಗಕ್ಕೆ ಹೊಂದುವ ಪಾನೀಯ ಮನೆಯಲ್ಲಿ ಮಾಡಬಹುದು. ಅದನ್ನು ವೈನ್ ಎಂದು ಕರೆಯಬೇಡಿ, ದ್ರಾಕ್ಷಿ ಪಾನೀಯ ಎಂದೇ ಇಡಿ. ಗುರಿ ಇಷ್ಟೇ: ರಸದ ಸಿಹಿಯನ್ನು ಮೂರನೇ ಒಂದಕ್ಕೆ ಇಳಿಸಬೇಕು, ಹೋದ ಒಗರು ಮತ್ತು ಹುಳಿಯನ್ನು ಬೇರೆ ಕಡೆಯಿಂದ ತರಬೇಕು.

ಬೆಂಗಳೂರು ನೀಲಿ 2 ಕೆ.ಜಿ. ತೊಟ್ಟು ಬಿಡಿಸಿ ತೊಳೆಯಿರಿ. ಹಸಿರು ಕಾಯಿ, ಒಡೆದು ಹುಳಿಸಿದ ಹಣ್ಣು ತೆಗೆದುಬಿಡಿ. ಸ್ಟೀಲ್ ಪಾತ್ರೆಯಲ್ಲಿ ಕೈಯಿಂದ ಹಿಚುಕಿ. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಕಹಿ ಇಳಿಯುತ್ತದೆ. ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆಗೆ ಈ ಹುಳಿ ಆಗುವುದಿಲ್ಲ. ಸಣ್ಣ ಉರಿಯಲ್ಲಿ 65–70 ಡಿಗ್ರಿಗೆ ತಂದು 20 ನಿಮಿಷ ಅಲ್ಲೇ ಹಿಡಿಯಿರಿ. ಥರ್ಮಾಮೀಟರ್ ಇಲ್ಲದಿದ್ದರೆ ಅಂಚಿನಲ್ಲಿ ಹಬೆ ಏಳಬೇಕು, ಗುಳ್ಳೆ ಬರಬಾರದು. ಸಿಪ್ಪೆಯ ಬಣ್ಣ ಇಳಿಯುವುದು ಈ ಬಿಸಿಗೆ. ಕುದಿ ಬಂದರೆ ಜ್ಯಾಮ್ ವಾಸನೆ ಹಿಡಿಯುತ್ತದೆ, ಆಮೇಲೆ ಏನು ಹಾಕಿದರೂ ಅದು ಹೋಗುವುದಿಲ್ಲ.

ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ತಾನಾಗಿ ಇಳಿದಷ್ಟು ಇಳಿಯಲಿ, ಕೊನೆಗೆ ಒಮ್ಮೆ ಮೆಲ್ಲಗೆ ಒತ್ತಿ, ಹಿಂಡಬೇಡಿ. 1.2 ಲೀಟರ್ ಹತ್ತಿರ ಸಿಗುತ್ತದೆ. ಮುಚ್ಚಿ ಫ್ರಿಜ್‌ನಲ್ಲಿ 24 ಗಂಟೆ ಇಡಿ. ತಳದಲ್ಲಿ ಗಸಿಯ ಜೊತೆ ಗಾಜಿನ ಚೂರಿನಂಥ ಹರಳು ಕಂಡರೆ ಹೆದರಬೇಡಿ. ಅದು ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಉಪ್ಪು, ತಣ್ಣಗಾದಾಗ ಹರಳುಗಟ್ಟುತ್ತದೆ. ಮೇಲಿನ ತಿಳಿಯನ್ನು ಅಲುಗಿಸದೆ ಬಗ್ಗಿಸಿಕೊಳ್ಳಿ.

ಒಗರಿಗೆ ಚಹಾ. ನೀಲಗಿರಿ ಎಲೆ ಚಹಾ 8 ಗ್ರಾಂ, 90 ಡಿಗ್ರಿಯ 1 ಲೀಟರ್ ನೀರು, 5 ನಿಮಿಷ. ಪುಡಿ ಚಹಾ ಹಾಕಿದರೆ ಒಗರಿನ ಬದಲು ಕಡು ಕಹಿ ಬರುತ್ತದೆ. ಸೋಸಿದ ಮೇಲೆ ಆ ಬಿಸಿ ಡಿಕಾಕ್ಷನ್‌ಗೇ ಒಣ ಪುನರ್ಪುಳಿ ಸಿಪ್ಪೆ 10 ಗ್ರಾಂ ಹಾಕಿ ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆ ಬೇಡ. ಹುಳಿಯ ಜೊತೆ ಕೆಂಪು ಬಣ್ಣವೂ ಸಿಗುತ್ತದೆ. ನಿಂಬೆ ಹಾಕಿದರೆ ಶರಬತ್ತಿನ ಕಡೆ ವಾಲುತ್ತದೆ. ವಿನೆಗರ್ ಹಾಕಬೇಕೆಂದು ಕೆಲವರು ಹೇಳುತ್ತಾರೆ. ಲೀಟರಿಗೆ ಒಂದು ಚಹಾ ಚಮಚ ಮೀರಿದರೆ ಕೆಟ್ಟ ವೈನ್‌ನ ವಾಸನೆ ಬರುತ್ತದೆ.

ಬಡಿಸುವ ಹೊತ್ತಿಗೆ ತಣ್ಣಗಿನ ರಸ 1 ಲೀಟರ್, ತಣ್ಣಗಿನ ಚಹಾ 1 ಲೀಟರ್, ಚೆನ್ನಾಗಿ ತಂಪಾದ ಸೋಡಾ 1 ಲೀಟರ್, ಈ ಕ್ರಮದಲ್ಲಿ. ಸೋಡಾ ಕೊನೆಗೆ, ಜಗ್ಗಿನ ಬದಿಯಿಂದ ಇಳಿಯುವಂತೆ. ರಸದಲ್ಲೇ ಇರುವ 150 ಗ್ರಾಂ ಸಕ್ಕರೆ 3 ಲೀಟರಿಗೆ ಹಂಚಿ ಲೀಟರಿಗೆ 50 ಗ್ರಾಂ ಆಗುತ್ತದೆ, ಅಂದರೆ ಅಂಗಡಿಯ ಆಲ್ಕೋಹಾಲ್ ತೆಗೆದ ವೈನ್‌ನ ಮೇಲಿನ ಮಿತಿಗೆ ಬಂದಿರಿ. ಬೇರೆ ಸಕ್ಕರೆ ಹಾಕಲೇಬೇಡಿ. ಚಕ್ಕೆ, ಲವಂಗವೂ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೆಂಗಳೂರು ನೀಲಿಗೆ ತನ್ನದೇ ಗಾಢ ಘಮ ಇದೆ, ಅದರ ಮೇಲೆ ಮಸಾಲೆ ಬಿದ್ದರೆ ಎರಡೂ ಕೆಡುತ್ತವೆ. 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಹಣ್ಣು ಇದು. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ಕೋಲಾರದ ಕಡೆ ಬೆಳೆಯುವುದು. ಹಣ್ಣು ಚೆನ್ನಾಗಿದ್ದರೆ ಬೇರೆ ಅಲಂಕಾರ ಕೇಳುವುದಿಲ್ಲ.

---

ಹುದುಗು_ಗಮನ

ಮೇಲಿನ ವಿಧಾನ ಸರಿಯಾಗಿದೆ, ಸಂಗ್ರಹದ ಬಗ್ಗೆ ಒಂದು ಎಚ್ಚರಿಕೆ. ಫ್ರಿಜ್‌ನಲ್ಲಿಟ್ಟ ರಸವನ್ನು ಮೂರು ದಿನದೊಳಗೆ ಮುಗಿಸಿ. ಮೊದಲೇ ಮಾಡಿಡಬೇಕಾದರೆ ತಿಳಿಯಾದ ರಸವನ್ನು ಮತ್ತೆ 85 ಡಿಗ್ರಿಗೆ ಬಿಸಿ ಮಾಡಿ, ಕುದಿಯುವ ನೀರಿನಲ್ಲಿ ಕಾಯಿಸಿಟ್ಟ ಗಾಜಿನ ಬಾಟಲಿಗೆ ಬಿಸಿಬಿಸಿಯಾಗಿ ಕತ್ತಿನವರೆಗೆ ತುಂಬಿ, ಮುಚ್ಚಳ ಬಿಗಿದು, 3 ನಿಮಿಷ ಅಡ್ಡ ಮಲಗಿಸಿ. ಮುಚ್ಚಳದ ಒಳಭಾಗಕ್ಕೂ ಬಿಸಿ ತಾಗಬೇಕು. ಬಾಟಲಿ ತಣ್ಣಗಿದ್ದರೆ ಬಿರುಕು ಬಿಡುತ್ತದೆ, ಪ್ಲಾಸ್ಟಿಕ್ ಆದರೆ ಸೊಟ್ಟಗಾಗುತ್ತದೆ.

ಸೋಡಾ ಬೆರೆಸಿ ಬಾಟಲಿ ಮಾಡಿ ಇಡಬೇಡಿ. ಮುಚ್ಚಿದ ಬಾಟಲಿಯಲ್ಲಿ ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದರೆ ಒಳಗಿನ ಒತ್ತಡ ಹೆಚ್ಚುಕಡಿಮೆ ಒಂದು ವಾತಾವರಣದಷ್ಟು (ಹೊರಗಿನ ಗಾಳಿಯ ಒತ್ತಡದಷ್ಟು) ಏರುತ್ತದೆ. ಶಾಂಪೇನ್ ಬಾಟಲಿಯ ದಪ್ಪ ಗಾಜು ಅಂಥ ಆರರಷ್ಟು ಒತ್ತಡ ತಡೆಯುವಂತೆ ಮಾಡಿದ್ದು. ಶರಬತ್ತಿನ ಬಾಟಲಿ ಒಡೆದು ಚೂರು ಹಾರುತ್ತದೆ. ಮುಚ್ಚಳ ಉಬ್ಬಿದ್ದರೆ, ತೆಗೆದಾಗ ಸುಯ್ ಎಂದರೆ, ಬ್ರೆಡ್ ವಾಸನೆ ಬಂದರೆ ಅದನ್ನು ಚೆಲ್ಲಿ. ‘ಸ್ವಲ್ಪ ತಾನೇ’ ಎಂದು ಗರ್ಭಿಣಿಯರಿಗೋ ಮಕ್ಕಳಿಗೋ ಕೊಡಬಾರದು.

---

ಪಥ್ಯ_ವಿಚಾರ

ಅತಿಥಿಗಳ ಆರೋಗ್ಯದ ಭಾಗ ನಾನು ಹೇಳುತ್ತೇನೆ.

ಸಕ್ಕರೆ ಕಾಯಿಲೆ ಇರುವವರಿಗೆ: 125 ಮಿ.ಲೀ. ಲೋಟದಲ್ಲಿ ದ್ರಾಕ್ಷಿ ರಸ ಕೊಟ್ಟರೆ ಸುಮಾರು 19 ಗ್ರಾಂ ಸಕ್ಕರೆ, ಅಡುಗೆ_ಅಳತೆ ಅವರ ಮಿಶ್ರಣದಲ್ಲಿ 6 ಗ್ರಾಂ ಚಿಲ್ಲರೆ, 100 ಮಿ.ಲೀ.ಗೆ 2 ಗ್ರಾಂ ಎಂದು ಬರೆದ ಬಾಟಲಿ ಸಿಕ್ಕರೆ ಎರಡೂವರೆ ಗ್ರಾಂ. ಆಲ್ಕೋಹಾಲ್ ಇಲ್ಲ ಅಂದ ಮಾತ್ರಕ್ಕೆ ಸಕ್ಕರೆ ಇಲ್ಲ ಎಂದು ಹಿರಿಯರು ತಿಳಿದುಕೊಳ್ಳುತ್ತಾರೆ, ಆದ್ದರಿಂದ ಬಡಿಸುವವರಿಗೆ ಮೊದಲೇ ಹೇಳಿಡಿ. ಕ್ಯಾಲೊರಿಯ ಮಟ್ಟಿಗೆ ಲಾಭ ದೊಡ್ಡದೇ: 12.5%ರ ವೈನ್‌ನ ಅದೇ ಲೋಟದಲ್ಲಿ ಆಲ್ಕೋಹಾಲ್‌ನಿಂದಲೇ 85 ಕ್ಯಾಲೊರಿ ಬರುತ್ತದೆ, ಇಲ್ಲಿ ಒಟ್ಟು 10ರಿಂದ 25.

ಗರ್ಭಿಣಿಗೆ 0.0% ಎಂದು ಬರೆದದ್ದನ್ನೇ ಇಡಿ, ಅಥವಾ ಆ ದಿನವೇ ಹಿಂಡಿ ಬಿಸಿ ಮಾಡಿದ ರಸ. ಗರ್ಭಾವಸ್ಥೆಯಲ್ಲಿ ಇಷ್ಟು ಆಲ್ಕೋಹಾಲ್ ಸುರಕ್ಷಿತ ಎಂಬ ಮಿತಿ ಇಲ್ಲ. ಕುಡಿತ ಬಿಡಿಸಲು ಡೈಸಲ್ಫಿರಾಂ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ 0.5%ದ್ದೂ ಬೇಡ, ಅಲ್ಪ ಆಲ್ಕೋಹಾಲ್‌ಗೂ ಮೈ ಕೆಂಪಾಗಿ ವಾಂತಿ, ಎದೆಬಡಿತ ಬರಬಹುದು. ಕುಡಿತ ಬಿಟ್ಟವರಿಗೆ ವೈನ್‌ನ ವಾಸನೆ, ಲೋಟದ ಆಕಾರವೇ ಹಳೆಯ ಆಸೆಯನ್ನು ಕೆರಳಿಸಬಹುದು. ‘ಇದರಲ್ಲಿ ಏನೂ ಇಲ್ಲ, ಕುಡಿಯಿರಿ’ ಎಂದು ಯಾರನ್ನೂ ಒತ್ತಾಯಿಸಬೇಡಿ.

ಮುಸ್ಲಿಂ ಅತಿಥಿಗಳಿದ್ದರೆ ಗಮನಿಸಿ: ಮೊದಲು ವೈನ್ ಆಗಿದ್ದದ್ದು ಎಂಬ ಕಾರಣಕ್ಕೆ ಹಲವರು ಆಲ್ಕೋಹಾಲ್ ತೆಗೆದದ್ದನ್ನೂ ಒಪ್ಪುವುದಿಲ್ಲ. ಹುದುಗದ ದ್ರಾಕ್ಷಿ ಪಾನೀಯವನ್ನು ಬೇರೆ ಟ್ರೇನಲ್ಲಿ, ಬೇರೆ ಆಕಾರದ ಲೋಟದಲ್ಲಿ, ಚೀಟಿ ಬರೆದು ಇಡುವುದು ಮರ್ಯಾದೆ.

ಈ ಪಾನೀಯಗಳಿಗೆ ಬೇಡಿಕೆ ಏಕೆ ಏರಿತು ಎಂಬುದಕ್ಕೂ ಆರೋಗ್ಯದ ಮಾತೇ ದೊಡ್ಡ ಕಾರಣ. ಆಲ್ಕೋಹಾಲ್ ಪಾನೀಯ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿತ್ತು. ಬ್ರಿಟನ್‌ನಲ್ಲಿ 2013ರಿಂದ ಜನವರಿ ತಿಂಗಳಿಡೀ ಕುಡಿಯದಿರುವ ‘ಡ್ರೈ ಜನವರಿ’ ಅಭಿಯಾನ ನಡೆಯುತ್ತಿದೆ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಯಾವ ಪ್ರಮಾಣದ ಕುಡಿತವೂ ಸುರಕ್ಷಿತವಲ್ಲ ಎಂದು ನೇರವಾಗಿ ಹೇಳಿತು. ಊಟದ ಮೇಜಿನ ಲೋಟ ಬೇಕು, ಅಮಲು ಬೇಡ ಎನ್ನುವವರಿಗಾಗಿ ವೈನರಿಗಳು ಈಗ ಒಳ್ಳೆಯ ವೈನ್‌ನಿಂದಲೇ ಆಲ್ಕೋಹಾಲ್ ತೆಗೆಯುತ್ತಿವೆ. ಉಳಿದುಹೋದ ಸಪ್ಪೆ ವೈನ್ ಅನ್ನು ಹೀಗೆ ಖಾಲಿ ಮಾಡುವುದಕ್ಕೂ ಇದಕ್ಕೂ ರುಚಿಯಲ್ಲಿ ಬಹಳ ಅಂತರ.

---

ಔತಣ_ಲೆಕ್ಕ

ಎಲ್ಲ ಸ್ಪಷ್ಟವಾಯಿತು. ಟೋಸ್ಟ್‌ಗೆ ಸ್ಪಾರ್ಕ್ಲಿಂಗ್ ತರಿಸುತ್ತೇವೆ, ಮನೆಯ ದ್ರಾಕ್ಷಿ ಪಾನೀಯವನ್ನು ಪ್ರತ್ಯೇಕ ಟ್ರೇನಲ್ಲಿ ಇಡುತ್ತೇವೆ. ಊಟ ನೀರ್ ದೋಸೆ, ಕೋರಿ ಗಸಿ (ಕೋಳಿ ಸಾರು), ಅಂಜಲ್ ಮೀನಿನ ತವಾ ಫ್ರೈ, ಸಸ್ಯಾಹಾರಿಗಳಿಗೆ ಬೇರೆ. ಬಾಟಲಿಯ ಲೆಕ್ಕ ಮತ್ತು ಬಡಿಸುವ ಕ್ರಮ ಮಾತ್ರ ಬಾಕಿ.

---

ರೈನ್_ದಂಡೆ

ಬಾಟಲಿ 750 ಮಿ.ಲೀ. ಟೋಸ್ಟ್‌ಗೆ ತಲಾ 110 ಮಿ.ಲೀ. ಸಾಕು: 120 ಜನಕ್ಕೆ 13.2 ಲೀಟರ್, ಅಂದರೆ 18 ಬಾಟಲಿ, 20 ಇಟ್ಟುಕೊಳ್ಳಿ. ಊಟದ ಜೊತೆ ಅರ್ಧದಷ್ಟು ಜನ ತಲಾ 125 ಮಿ.ಲೀ.ಯ ಎರಡು ಲೋಟ ತೆಗೆದುಕೊಂಡರೆ 15 ಲೀಟರ್, 20 ಬಾಟಲಿ. ಕೈಮೇಲೆ ಎರಡು ಸೇರಿಸಿ ಒಟ್ಟು 42. ಊಟದ 22ರಲ್ಲಿ 16 ಬಿಳಿ ಅಥವಾ ರೋಸೆ, 6 ಕೆಂಪು. ಮನೆಯ ಪಾನೀಯ 9 ಲೀಟರ್ ಮಾಡುವುದಾದರೆ ಊಟದ ಬಾಟಲಿಯಲ್ಲಿ ಆರನ್ನು ಧೈರ್ಯವಾಗಿ ಕಡಿಮೆ ಮಾಡಬಹುದು. ಒಂದೇ ಸಲ 42 ತರಿಸುವ ಮೊದಲು ಪ್ರತಿ ಬಗೆಯ ಒಂದೊಂದು ತರಿಸಿ, ತಣ್ಣಗೆ ಮಾಡಿ, ಕೋರಿ ಗಸಿಯ ಜೊತೆಗೇ ರುಚಿ ನೋಡಿ.

ಖಾರದ ಊಟಕ್ಕೆ ಈ ಪಾನೀಯ ನಿಜವಾದ ವೈನ್‌ಗಿಂತ ಚೆನ್ನಾಗಿ ಹೊಂದುತ್ತದೆ. ಆಲ್ಕೋಹಾಲ್ ಮೆಣಸಿನ ಉರಿಯನ್ನು ಹೆಚ್ಚಿಸುತ್ತದೆ, ಇಲ್ಲಿ ಅದು ಇಲ್ಲ. ಇರುವ ಅಲ್ಪ ಸಿಹಿ ಉರಿಯನ್ನು ತಣಿಸುತ್ತದೆ. ಗಸಿಗೆ ಘಮದ ಬಿಳಿ ಅಥವಾ ರೋಸೆ. ಅಂಜಲ್ ಫ್ರೈಗೆ ಉಳಿದ ಸ್ಪಾರ್ಕ್ಲಿಂಗ್, ಗುಳ್ಳೆ ಎಣ್ಣೆಯ ಜಿಡ್ಡನ್ನು ಬಾಯಿಂದ ತೊಳೆಯುತ್ತದೆ. ಕೆಂಪಿನ ಒಗರು ಬ್ಯಾಡಗಿ ಖಾರದ ಜೊತೆ ಸೇರಿದರೆ ಕಹಿ ಎದ್ದು ಕಾಣುತ್ತದೆ, ಅದನ್ನು ಗಸಿಯ ಹತ್ತಿರ ಇಡಬೇಡಿ. ಕೇಳಿದವರಿಗೆ ಮಾತ್ರ ಕೊಡಿ.

ತಂಪು ಬಹಳ ಮುಖ್ಯ. ಬೆಚ್ಚಗಾದರೆ ಸಿಹಿ ಮೇಲೆದ್ದು ಶರಬತ್ತಾಗುತ್ತದೆ. ಸ್ಪಾರ್ಕ್ಲಿಂಗ್ 6–8 ಡಿಗ್ರಿ, ಬಿಳಿ ಮತ್ತು ರೋಸೆ 8–10, ಕೆಂಪೂ 12–14ರಲ್ಲೇ ಇರಲಿ. ದೊಡ್ಡ ಟಬ್ಬಿಗೆ ಅರ್ಧ ಐಸ್, ಅರ್ಧ ನೀರು, ಎರಡು ಹಿಡಿ ಕಲ್ಲುಪ್ಪು. ಬರೀ ಐಸ್ ಆದರೆ ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನೀರು ಸುತ್ತಲೂ ಅಪ್ಪುತ್ತದೆ. ಫ್ರಿಜ್‌ನಿಂದ ತಂದ ಬಾಟಲಿಗೆ 10 ನಿಮಿಷ, ಹೊರಗಿದ್ದ ಬಾಟಲಿಗೆ 30 ನಿಮಿಷ. ಬಾಟಲಿಗೆ ಒಂದು ಕೆ.ಜಿ. ಐಸ್ ಲೆಕ್ಕ ಹಿಡಿಯಿರಿ. ಲೋಟಕ್ಕೆ ಐಸ್ ಹಾಕಬೇಡಿ, ಮೊದಲೇ ತೆಳುವಾದದ್ದು ಇನ್ನೂ ತೆಳುವಾಗುತ್ತದೆ. ಫ್ರೀಜರ್‌ಗೂ ಹಾಕಬೇಡಿ. ಆಲ್ಕೋಹಾಲ್ ಇಲ್ಲದ್ದರಿಂದ ಇದು ವೈನ್‌ಗಿಂತ ಬೇಗ ಗಟ್ಟಿಯಾಗಿ ಬಾಟಲಿ ಸೀಳುತ್ತದೆ.

ತೆರೆದ ಬಾಟಲಿ ಉಳಿದರೆ ಮುಚ್ಚಿ ಫ್ರಿಜ್‌ನಲ್ಲಿಡಿ. ಬಿಳಿ, ಕೆಂಪು ಎರಡು ಮೂರು ದಿನ, ಸ್ಪಾರ್ಕ್ಲಿಂಗ್ ಮಾರನೆಯ ದಿನವೇ ಮುಗಿಸಬೇಕು. ಉಳಿದ ಬಿಳಿಯನ್ನು ಅಣಬೆ ಅಥವಾ ಸಿಗಡಿ ಹುರಿದ ಬಾಣಲೆಗೆ ಅರ್ಧ ಕಪ್ ಸುರಿದು ತಳ ಕೆರೆದು ಇಂಗಿಸಬಹುದು. ಇದರಲ್ಲಿ ಸಕ್ಕರೆ ಇರುವುದರಿಂದ ತಳ ಬೇಗ ಹಿಡಿಯುತ್ತದೆ, ಉರಿ ಸಣ್ಣದಿರಲಿ, ಕೊನೆಗೆ ಅರ್ಧ ಚಮಚ ವಿನೆಗರ್ ಹಾಕಿ.

---

ಅಡುಗೆ_ಅಳತೆ

9 ಲೀಟರ್ ಪಾನೀಯಕ್ಕೆ ರಸ 3 ಲೀಟರ್ ಬೇಕು, ಹಣ್ಣು 5 ಕೆ.ಜಿ. ಬರೋಬ್ಬರಿ ಸಾಲುತ್ತದೆ, ತೊಟ್ಟು ಮತ್ತು ಕೆಟ್ಟ ಹಣ್ಣಿನ ಲೆಕ್ಕ ಸೇರಿಸಿ 6 ತನ್ನಿ. ಚಹಾ 24 ಗ್ರಾಂ, ಪುನರ್ಪುಳಿ 30 ಗ್ರಾಂ. ಸಮಾರಂಭ ಸಂಜೆಯಾದರೆ ಹಿಂದಿನ ದಿನ ಮಧ್ಯಾಹ್ನದೊಳಗೆ ಹಣ್ಣಿನ ಕೆಲಸ ಮುಗಿಸಿ, ರಾತ್ರಿಯಿಡೀ ರಸದ ಗಸಿ ತಳಕ್ಕೆ ಇಳಿಯಲಿ. ಸೋಡಾ ಮಾತ್ರ ಒಂದೊಂದು ಜಗ್ಗಿಗೆ ಆಗಾಗ ಬೆರೆಸಿ.